ಅರಕೇರಾದ ಆರು ಅಂಕಿಗಳು

ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ ಕಾರ್ಯದರ್ಶಿಯವರ ಫೋನು ಬಂದಾಗ ನಾನು ಒಳ್ಳೆಯ ಉಮೇದಿನಲ್ಲಿದ್ದೆ. ಅವರ ಸಂಸ್ಥೆಯ ವೆಬ್‌ಸೈಟನ್ನು ಹಳೆಯ ನಿಧಾನದ ಸರ್ವರಿನಿಂದ ಹೊಸ ಸರ್ವರಿಗೆ ಸಾಗಿಸಿ ಒಂದು ವಾರವಾಗಿತ್ತು. ಶಾಭಾಷ್ ಹೇಳಲು ಮಾಡಿರಬೇಕು ಎಂದುಕೊಂಡೇ ಎತ್ತಿದೆ.

"ನೋಡವಾ, ನಿನ್ನ ವೆಬ್‌ಸೈಟು ದೇವದುರ್ಗದಾಗ ಓಪನ್ ಆಗವಲ್ದಂತ," ಎಂದರು.

"ಇಲ್ರಿ ಮೇಡಂ, ಚೊಲೋ ಓಡಾಕತ್ತದ. ನನ್ನ ಕಣ್ಣ ಮುಂದ ಅದಲ್ರಿ."

"ನಿನ್ನ ಕಣ್ಣ ಮುಂದ ಇದ್ರೇನು ಮಾಡೂದು? ಪರೀಕ್ಷಾ ನೀ ಬರಿತೀಯೇನು?"

ಪರೀಕ್ಷೆ ಬರೆಯಬೇಕಾದವರು ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳ ಹುಡುಗಿಯರು. ಹತ್ತನೇ ತರಗತಿ ಮುಗಿಸಿದ, ಕೂಲಿ ಮಾಡುವ ಮನೆಗಳ ಮಕ್ಕಳಿಗಾಗಿ ಈ ಸಂಸ್ಥೆ ರಾಯಚೂರಿನಲ್ಲಿ ಒಂದು ವಸತಿನಿಲಯ ನಡೆಸುತ್ತದೆ. ಪಿಯುಸಿಯ ಎರಡು ವರ್ಷ ಊಟ, ವಸತಿ, ಪಾಠ ಎಲ್ಲ ಉಚಿತ. ಪ್ರವೇಶ ಪರೀಕ್ಷೆ ಭಾನುವಾರ. ಹುಡುಗಿ ತನ್ನೂರ ಹತ್ತಿರದ ಝೆರಾಕ್ಸ್ ಅಂಗಡಿಗೆ ಹೋಗಿ, ವೆಬ್‌ಸೈಟಿನಲ್ಲಿ ತನ್ನ ನಂಬರು ಹಾಕಿ, ಫೋಟೋ ಏರಿಸಿ, ಹಾಲ್ ಟಿಕೆಟ್ ಪ್ರಿಂಟ್ ತೆಗೆಸಿಕೊಳ್ಳಬೇಕು. ಶುಕ್ರವಾರ ಸಂಜೆ ಐದಕ್ಕೆ ಅದು ಬಂದ್. ಆಮೇಲೆ ಯಾವ ಕೋಣೆಯಲ್ಲಿ ಯಾರು ಎಂಬ ಪಟ್ಟಿ ತಯಾರಾಗುತ್ತದೆ. ಕಾರ್ಯದರ್ಶಿಯವರು ಹೈಸ್ಕೂಲಿನಲ್ಲಿ ಜೀವಮಾನವಿಡೀ ಕನ್ನಡ ಕಲಿಸಿ ನಿವೃತ್ತರಾದವರು. ಐದು ಎಂದರೆ ಐದೇ.

ನನ್ನದು ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿಯ ಮೇಲಿನ ಒಂದು ಕೋಣೆ. ಅಲ್ಲಿಂದಲೇ ದೇವದುರ್ಗದ ಝೆರಾಕ್ಸ್ ಅಂಗಡಿಯ ಒಡತಿಗೆ ಫೋನು ಹಚ್ಚಿದೆ. ದೂರು ಮೊದಲು ಬಂದದ್ದು ಅವರಿಂದ.

"ಸ್ಕ್ರೀನ್ ಮ್ಯಾಲ ಏನಂತ ಬಂದದ, ಓದಿ ಹೇಳ್ರಿ ಅಕ್ಕಾರ."

"ಈ ಸೈಟು ಸಿಗವಲ್ದು, ಹೆಸರಾಗ ಏನರ ತಪ್ಪದೇನು ನೋಡ್ರಿ ಅಂತದ."

"ಹೆಸರು ಬರೋಬರಿ ಹೊಡ್ದೀರಿಲ್ಲೋ?"

"ಮೇಡಂ, ದಿನಾ ಇಡೀ ತಾಲ್ಲೂಕಿನ ಮಂದಿ ಹೆಸರು ಟೈಪ್ ಮಾಡ್ತೀನಿ ನಾ. ನಿಮ್ದೊಂದು ಬರಂಗಿಲ್ಲೇನು?"

ರೌಟರ್ ಒಮ್ಮೆ ಬಂದ್ ಮಾಡಿ ಚಾಲೂ ಮಾಡಿ ಎಂದೆ. ನಮ್ಮ ಕಸುಬಿನಲ್ಲಿ ಏನೂ ತೋಚದಿದ್ದಾಗ ಹೇಳುವ ಮಾತು ಅದು.

"ಬೆಳಿಗ್ಗಿಂದ ಮೂರು ಸಲ ಕರೆಂಟ್ ಹೋಗಿ ಬಂದದ. ಅದಕ್ಕಿಂತ ದೊಡ್ಡ ರೀಸ್ಟಾರ್ಟ್ ಯಾವ್ದದ ಹೇಳ್ರಿ?"

ಅವರ ಮೊಬೈಲಿನಲ್ಲಿ ನೋಡಲು ಹೇಳಿದೆ. ಮೊಬೈಲಿನಲ್ಲಿ ಬಂತು, ಕಂಪ್ಯೂಟರಿನಲ್ಲಿ ಬರಲಿಲ್ಲ. ನನಗೆ ಅಷ್ಟೇ ಸಾಕಾಯಿತು. "ನಿಮ್ಮ ಕಂಪ್ಯೂಟರ್‌ನಾಗ ವೈರಸ್ ಇರಬೇಕ್ರಿ," ಎಂದೆ. ಫೋನು ಕಟ್ಟಾಯಿತು. ಅಂಗಡಿ ಇಟ್ಟವರಿಗೆ ವೈರಸ್ ಎನ್ನುವುದೂ ಖಾನಾವಳಿಯವರಿಗೆ ನಿಮ್ಮ ಸಾರಿನಲ್ಲಿ ಜಿರಳೆ ಇದೆ ಎನ್ನುವುದೂ ಒಂದೇ ಎಂದು ಆಮೇಲೆ ತಿಳಿಯಿತು. ಮತ್ತೆ ಎಷ್ಟು ಸಲ ಮಾಡಿದರೂ ಅವರು ಎತ್ತಲಿಲ್ಲ.

ಹಾಗಾಗಿ ಗುರುವಾರ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ದೇವದುರ್ಗದ ಬಸ್ಸು ಹತ್ತಿದೆ.

ಅಂಗಡಿಯ ಮುಂದಿನ ಬೆಂಚಿನ ಮೇಲೆ ಏಳೆಂಟು ಹುಡುಗಿಯರು ಫೋಟೋಗಳನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಕುಳಿತಿದ್ದರು. ಅಂಗಡಿಯ ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, "ವೈರಸ್ ಮೇಡಂ ಬಂದ್ರು, ದಾರಿ ಬಿಡ್ರಿ," ಎಂದರು. ಹುಡುಗಿಯರು ನಿಜಕ್ಕೂ ಎದ್ದು ದೂರ ಸರಿದು ನಿಂತರು.

ಕಂಪ್ಯೂಟರಿನ ಸೆಟ್ಟಿಂಗ್ ತೆಗೆದು ನೋಡಿದೆ. ನಾವು ಟೈಪ್ ಮಾಡುವ ವೆಬ್‌ಸೈಟಿನ ಹೆಸರು ಕಂಪ್ಯೂಟರಿಗೆ ಸಾಲದು, ಅದಕ್ಕೆ ಅಂಕಿಗಳಲ್ಲಿರುವ ವಿಳಾಸ ಬೇಕು. ಹೆಸರು ಕೊಟ್ಟರೆ ಅಂಕಿ ಹುಡುಕಿಕೊಡುವ ವ್ಯವಸ್ಥೆಗೆ ಡಿಎನ್‌ಎಸ್ ಎನ್ನುತ್ತಾರೆ. ಇಂಟರ್ನೆಟ್ ಕೊಡುವ ಪ್ರತಿ ಕಂಪನಿಗೂ ತನ್ನದೊಂದು ಡಿಎನ್‌ಎಸ್ ಇರುತ್ತದೆ. ಅದು ಬೇಡವೆಂದರೆ ಯಾರು ಬೇಕಾದರೂ ಬಳಸಬಹುದಾದ ಸಾರ್ವಜನಿಕ ಡಿಎನ್‌ಎಸ್‌ಗಳೂ ಇವೆ. ಕಂಪನಿಯದು ಆಗಾಗ ಕೈಕೊಡುತ್ತದೆಂದು ಇಂಟರ್ನೆಟ್ ಜೋಡಿಸಿದವನು ಇಲ್ಲಿ ಸಾರ್ವಜನಿಕ ಡಿಎನ್‌ಎಸ್ ಹಾಕಿಟ್ಟಿದ್ದ. ಅದನ್ನು ತೆಗೆದು ಕಂಪನಿಯದನ್ನೇ ಹಾಕಿದೆ. ವೆಬ್‌ಸೈಟು ಟಣ್ಣನೆ ಬಂತು.

ಬೆಂಚಿನ ಕಡೆಯಿಂದ ಚಪ್ಪಾಳೆ. ಅಕ್ಕ ಚಹಾ ತರಿಸಿದರು, ಚಹಾದ ಹಿಂದೆ ಮಿರ್ಚಿ ಭಜಿಯೂ ಬಂತು. ಪ್ರಿಂಟರು ಒಂದೊಂದೇ ಹಾಲ್ ಟಿಕೆಟನ್ನು ಹೊರಗೆ ಹಾಕತೊಡಗಿತು. ಎರಡನೇ ಭಜಿ ಬಾಯಲ್ಲಿರುವಾಗ ಮಾನ್ವಿಯ ಒಂದು ಅಂಗಡಿಯಿಂದ ಫೋನು ಬಂತು: ಸೈಟು ಸಿಗವಲ್ದು. ಅದರ ಬೆನ್ನಿಗೇ ಇನ್ನೊಂದು. ನಂತರ ಒಬ್ಬ ಹೆಡ್‌ಮಾಸ್ಟರು. ಇವೆಲ್ಲ ಬೇರೆ ಬೇರೆ ಊರು, ಬೇರೆ ಬೇರೆ ಕಂಪ್ಯೂಟರು. ಎಲ್ಲರಿಗೂ ಒಟ್ಟಿಗೆ ವೈರಸ್ ಬರಲು ಅದೇನು ನೆಗಡಿಯೇ?

ಆಗಷ್ಟೇ ಹಾಲ್ ಟಿಕೆಟ್ ಸಿಕ್ಕ ಹುಡುಗಿಯೊಬ್ಬಳು ಹೋಗದೆ ನನ್ನ ಮುಂದೆ ನಿಂತಿದ್ದಳು.

"ಅಕ್ಕಾರ, ನನ್ನ ಗೆಳತಿ ಬಾಗಲವಾಡದಾಗ ಅದಾಳ್ರಿ. ಅಕಿಗೂ ಹಿಂಗ ತೋರ್ಸಾಕತ್ತದಂತ. ಸೋಮವಾರ ಅವರ ಮನಿ ಮಂದಿ ಕೆಲಸಕ್ಕ ಬೆಂಗಳೂರಿಗಿ ಹೊಂಟಾರ. ಪರೀಕ್ಷಾ ಬರದ್ರ ಉಳಿತಾಳ, ಇಲ್ಲಾಂದ್ರ ಅವರ ಜೋಡಿ ಅಕಿನೂ ಹೋಗಾಕಿ. ನೀವು ಅಲ್ಲಿಗೂ ಬಂದು ಸರಿ ಮಾಡ್ತೀರೇನ್ರಿ?"

ಭಜಿ ಬದಿಗಿಟ್ಟು, ಕೈ ಒರೆಸಿಕೊಂಡು ಲ್ಯಾಪ್‌ಟಾಪ್ ತೆರೆದೆ. ಬುಧವಾರವೇ ಮಾಡಬೇಕಾಗಿದ್ದ ಕೆಲಸವನ್ನು ಈಗ ಶುರುಮಾಡಿದೆ.

ಮೊದಲು ಒಂದು ಸಾರ್ವಜನಿಕ ಡಿಎನ್‌ಎಸ್‌ಗೆ ನಮ್ಮ ಹೆಸರು ಕೊಟ್ಟು ಅಂಕಿ ಕೇಳಿದೆ. ಉತ್ತರ ಕೊಡಲಾಗದು ಎಂದಿತು. ಇನ್ನೊಂದನ್ನು ಕೇಳಿದೆ, ಅದೂ ಹಾಗೇ ಅಂದಿತು. ಅಂಥ ಹೆಸರೇ ಇಲ್ಲ ಎಂದಿದ್ದರೆ ಮಾತು ಬೇರೆ. ಇದು ಉತ್ತರ ಗೊತ್ತಿದ್ದೂ ಕೊಡದೆ ಹಿಡಿದಿಟ್ಟುಕೊಂಡ ರೀತಿ. ಆಗ ಮೂರನೆಯ ಸಲ, ಸಹಿ ಪರೀಕ್ಷೆ ಮಾಡದೆಯೇ ಉತ್ತರ ಕೊಡು ಎಂಬ ಷರತ್ತು ಸೇರಿಸಿ ಕೇಳಿದೆ. ಅಂಕಿಗಳು ತಟ್ಟನೆ ಬಂದವು.

ಆಗಿದ್ದು ಇಷ್ಟು. ಡಿಎನ್‌ಎಸ್ ಉತ್ತರಗಳಿಗೆ ಬೇಕಾದರೆ ಸಹಿ ಹಾಕುವ ಏರ್ಪಾಡಿದೆ. ಯಾರೂ ನಡುವೆ ಕಳ್ಳ ವಿಳಾಸ ತೂರಿಸಬಾರದೆಂದು ಮಾಡಿದ್ದು. ಬ್ಯಾಂಕಿನಲ್ಲಿ ಮಾದರಿ ಸಹಿ ಇಟ್ಟ ಹಾಗೆ, ಆ ಸಹಿಯ ಗುರುತನ್ನು ಹೆಸರು ನೋಂದಾಯಿಸುವ ಕಡೆ ಮೊದಲೇ ಕೊಟ್ಟಿರಬೇಕು. ಈ ವೆಬ್‌ಸೈಟಿನ ಹಳೆಯ ವ್ಯವಸ್ಥೆಯಲ್ಲಿ ಸಹಿ ಇತ್ತು, ಗುರುತೂ ನೋಂದಣಿಯಲ್ಲಿತ್ತು. ಹೋದ ವಾರ ನಾನು ಸಾಗಿಸಿದ ಹೊಸ ಜಾಗದಲ್ಲಿ ಸಹಿಯೇ ಇಲ್ಲ. ಆದರೆ ಹಳೆಯ ಗುರುತು ನೋಂದಣಿಯಲ್ಲಿ ಹಾಗೇ ಕುಳಿತಿದೆ. ಸಾರ್ವಜನಿಕ ಡಿಎನ್‌ಎಸ್‌ಗಳು ಶಿಸ್ತಿನವು, ಗುರುತು ಇದ್ದು ಸಹಿ ಇಲ್ಲದಿದ್ದರೆ ಮೋಸವೆಂದು ಬಾಗಿಲು ಹಾಕುತ್ತವೆ. ನನ್ನ ಕೋಣೆಗೆ, ಈ ಅಂಗಡಿಗೆ, ಅಕ್ಕನ ಮೊಬೈಲಿಗೆ ಇಂಟರ್ನೆಟ್ ಕೊಡುವ ಕಂಪನಿಗಳ ಡಿಎನ್‌ಎಸ್ ಸಹಿಯನ್ನು ನೋಡುವುದೇ ಇಲ್ಲ. ಅದಕ್ಕೇ ನನ್ನ ಕಣ್ಣ ಮುಂದೆ ಎಲ್ಲವೂ ಸರಿಯಿತ್ತು.

ಸಾಗಿಸುವ ಮುನ್ನ ಹಳೆಯ ಗುರುತು ತೆಗೆಸಬೇಕು ಎಂಬುದು ನನಗೆ ಗೊತ್ತಿರದ ಸಂಗತಿಯಲ್ಲ. ಬೇರೆಯವರಿಗೆ ಹೇಳಿಕೊಟ್ಟವಳು ನಾನು.

ಕಾರ್ಯದರ್ಶಿಯವರಿಗೆ ಫೋನು ಮಾಡಿ, ಏನೋ ತಾಂತ್ರಿಕ ತೊಂದರೆ, ಸದ್ಯಕ್ಕೆ ಬೇರೆ ಹೆಸರಿನಲ್ಲಿ ವೆಬ್‌ಸೈಟು ತೆರೆದುಬಿಡೋಣ ಎಂದೆ.

"ಊರೂರಿಗೆ ಪಾಂಪ್ಲೆಟ್ ಹಚ್ಚೀವಿ, ಇದ ಹೆಸರು ಖರೇದು, ಬ್ಯಾರೆ ಹೆಸರು ಬಂದ್ರ ನಂಬಬ್ಯಾಡ್ರಿ ಅಂತ ದಪ್ಪಕ್ಷರದಾಗ ಬರ್ದೀವಿ," ಎಂದರು. "ಅದನ್ನ ಬರಿ ಅಂದಾಕಿ ನೀನ."

ಉಳಿದದ್ದು ಎರಡು ದಾರಿ. ಅಂಗಡಿ ಅಂಗಡಿಗೆ ಹೋಗಿ ಇಲ್ಲಿ ಮಾಡಿದ ಹಾಗೆ ಸೆಟ್ಟಿಂಗ್ ತಿರುವುವುದು ಒಂದು. ಹೋದಲ್ಲೆಲ್ಲ ಚಪ್ಪಾಳೆ, ಭಜಿ. ಆದರೆ ಶುಕ್ರವಾರ ಸಂಜೆಯೊಳಗೆ ಎಷ್ಟು ಅಂಗಡಿ ಮುಟ್ಟಲಾದೀತು? ಇನ್ನೊಂದು, ನೋಂದಣಿಯಲ್ಲಿ ಕುಳಿತ ಗುರುತನ್ನು ಕಿತ್ತು ಹಾಕಿಸುವುದು. ಅದಾಯಿತೆಂದರೆ ಎಲ್ಲ ಕಡೆಯೂ ತಾನಾಗಿ ತೆರೆಯುತ್ತದೆ. ಆಗದಿದ್ದರೆ ಒಂದು ದಿನ ದಂಡ. ಬಾಗಲವಾಡದ ಹುಡುಗಿಯ ಕುರಿತ ಮಾತು ಕಿವಿಯಲ್ಲೇ ಇತ್ತು. ಮಾನ್ವಿಯ ಅಂಗಡಿಗಳಿಗೆ ನಾಳೆ ಮಧ್ಯಾಹ್ನದವರೆಗೆ ತಡೆಯಲು ಹೇಳಿ, ಒಂದಷ್ಟು ಬೈಗುಳ ಕೇಳಿಸಿಕೊಂಡು ರಾಯಚೂರಿಗೆ ವಾಪಸಾದೆ.

ನೋಂದಣಿಯ ಖಾತೆ ಇದ್ದದ್ದು ನನ್ನ ಕೈಯಲ್ಲಲ್ಲ. ನನಗಿಂತ ಮುಂಚೆ ಈ ವೆಬ್‌ಸೈಟು ನೋಡಿಕೊಳ್ಳುತ್ತಿದ್ದವನ ಹೆಸರಿನಲ್ಲಿತ್ತು. ಅವನು ಆ ಕೆಲಸ ಬಿಟ್ಟು ಈಗ ಮಾನ್ವಿಯಲ್ಲಿ ಟೆಂಟ್‌ಹೌಸ್ ಇಟ್ಟಿದ್ದಾನೆ. ಹೋದ ವಾರ ಅವನಿಗೆ ಫೋನು ಮಾಡಿ ಹೊಸ ಸರ್ವರಿನ ವಿವರ ಹೇಳಿದ್ದೆ, ಅವನು ಖಾತೆಯೊಳಗೆ ಹೋಗಿ ಬದಲಿಸಿದ್ದ. ಗುರುತಿನ ಮಾತನ್ನು ನಾನು ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಗುರುವಾರ ರಾತ್ರಿ ಅವನ ಫೋನು ಹತ್ತಲಿಲ್ಲ. ಶುಕ್ರವಾರ ಬೆಳಿಗ್ಗೆ ಅವನು ಸಿಕ್ಕಿದ್ದು ಹಿರೇಕೊಟ್ನೆಕಲ್‌ನಲ್ಲಿ, ಒಂದು ಮನೆಯ ಮುಂದೆ ಏಣಿಯ ತುದಿಯಲ್ಲಿ, ಬಾಯಲ್ಲಿ ಸುತ್ತಳಿ ಹಗ್ಗ ಕಚ್ಚಿಕೊಂಡು. ಸಂಜೆ ಆ ಮನೆಯಲ್ಲಿ ನಿಶ್ಚಿತಾರ್ಥ. ಕೆಳಗಿನಿಂದಲೇ ಕೂಗಿ ಸಂಗತಿ ವಿವರಿಸಿದೆ.

"ಆ ಸಹಿ ನಾನ ಹಚ್ಚಿದ್ದು ಬಿಡ್ರಿ," ಎಂದ ಹಗ್ಗ ತೆಗೆದು, ಹೆಮ್ಮೆಯಿಂದ. "ಸೆಕ್ಯೂರಿಟಿ ಬೇಕೇನು ಅಂತ ಕೇಳಿತ್ತು. ಫುಕಟ್ ಇತ್ತು. ಟಿಕ್ ಹೊಡದೆ."

"ಈಗ ಅದನ್ನ ತಗೀಬೇಕ್ರಿ."

"ತಗ್ಯೂಣು. ಪಾಸ್‌ವರ್ಡ್ ಬಾಯಿಪಾಠ ಅದ. ಆದ್ರ ಓಟಿಪಿ ಹಳೇ ನಂಬರಿಗಿ ಹೋಗ್ತದ. ಆ ಸಿಮ್ಮು ನಮ್ಮವ್ವನ ಫೋನಿನ್ಯಾಗ ಅದ, ಅರಕೇರಾದಾಗ. ಹೋದ ವಾರ ಕಾರಹುಣ್ಣಿಮಿಗಿ ಊರಾಗಿದ್ದೆ, ಗ್ವಾಡಿ ಮಾಡಾದ ಮ್ಯಾಲಿನ ಫೋನು ತಗದು ಓಟಿಪಿ ನಾನ ನೋಡಿದ್ದೆ. ಇರ್ಲಿ ತಡೀರಿ, ಫೋನ್ ಹಚ್ಚಿ ಕೇಳೂಣು."

ಲ್ಯಾಪ್‌ಟಾಪನ್ನು ಬಾಡಿಗೆ ಕುರ್ಚಿಗಳ ರಾಶಿಯ ಮೇಲಿಟ್ಟು ಖಾತೆ ತೆರೆದೆವು. ಓಟಿಪಿ ಕಳಿಸಿದ್ದೇವೆ, ಹತ್ತು ನಿಮಿಷದೊಳಗೆ ಹಾಕಿ ಎಂದು ಬಂತು. ಅವನು ಸ್ಪೀಕರ್ ಹಾಕಿ ತಾಯಿಗೆ ಫೋನು ಹಚ್ಚಿದ.

"ಯವ್ವಾ, ಈಗ ನಿನ್ನ ಫೋನಿಗಿ ಮೆಸೇಜ್ ಬಂದದ ನೋಡು. ಅದ್ರಾಗ ಆರು ಅಂಕಿ ಅದಾವ. ಜಲ್ದಿ ಹೇಳು."

"ಯಾರು?"

"ನಾನ ಬೇ, ನಿನ್ನ ಮಗ."

"ಅಂಕಿ ಕೇಳೋರೆಲ್ಲ ಹಂಗ ಅಂತಾರಂತ. ಸೋಮವಾರ ನಮ್ಮ ಸಂಘಕ್ಕ ಬ್ಯಾಂಕಿನಾಕಿ ಬಂದು ಹೇಳ್ಯಾಳ. ಈಗಿನ ಕಳ್ಳರು ಮಗನ ದನಿ ತಗದು ಮಾತಾಡ್ತಾರಂತ."

"ಯವ್ವಾ, ನಾನ!"

"ಖರೇ ನನ್ನ ಮಗ ಇದ್ರ ಹೇಳು. ಹುಣ್ಣಿಮಿ ಮರುದಿನ ಮಾನ್ವಿಗಿ ಹೋಗಾಗ ನಿನಗ ಏನು ಕಟ್ಟಿ ಕೊಟ್ಟಿನಿ?"

ಅವನು ನನ್ನ ಮುಖ ನೋಡಿದ. ನನಗೇನು ಗೊತ್ತು?

"ಹೋಳಿಗಿ," ಎಂದ.

"ಕರ್ಚಿಕಾಯಿ!" ಎಂದಿತು ಆ ಕಡೆಯ ದನಿ, ಕಳ್ಳನನ್ನು ಕೈಯಾರೆ ಹಿಡಿದ ಸಡಗರದಲ್ಲಿ. "ನನ್ನ ಮಗಗ ಗೊತ್ತಿರ್ತಿತ್ತು. ಇಡಲೇ ಫೋನು!"

ಮತ್ತೆ ಮಾಡಿದಾಗ ಫೋನು ಸ್ವಿಚ್ ಆಫ್. ಕಳ್ಳರು ಮತ್ತೆ ಮತ್ತೆ ಫೋನು ಮಾಡುತ್ತಾರೆ, ಆಫ್ ಮಾಡಿಬಿಡಿ ಎಂದೂ ಆ ಬ್ಯಾಂಕಿನವಳು ಹೇಳಿಕೊಟ್ಟಿದ್ದಳಂತೆ. ಅವನು ಏಣಿಗೆ ಒರಗಿ ಪೆಚ್ಚಾಗಿ ನಿಂತ. "ಆ ಗಂಟು ನಾ ಬಿಚ್ಚೇ ಇಲ್ರಿ. ಹಂಗ ನಮ್ಮ ಹಮಾಲರ ಕೈಗಿ ಕೊಟ್ಟಿದ್ದೆ."

ಹನ್ನೊಂದೂವರೆ ಆಗಿತ್ತು. ನಾನು ಅವನನ್ನು ನೋಡಿದೆ, ಅವನು ಅರ್ಧ ಕಟ್ಟಿದ ಪೆಂಡಾಲನ್ನು ನೋಡಿದ. ಬಾಗಲವಾಡದ ಹುಡುಗಿಯ ವಿಷಯ ಹೇಳಿದೆ. ಅವನು ಕೆಲಸದವರಲ್ಲಿ ಹಿರಿಯನನ್ನು ಕರೆದು, "ಅಂಚಿನ ಝಾಲರ ನೀ ಕಟ್ಟು, ನಾಕರೊಳಗ ಬರ್ತೀನಿ," ಎಂದು ಗೂಡ್ಸ್ ಗಾಡಿಯ ಕೀಲಿ ತೆಗೆದುಕೊಂಡ. ಹಿಂದೆ ಎರಡು ದೊಡ್ಡ ಸ್ಪೀಕರ್ ಬಾಕ್ಸು, ಒಂದು ವರನ ಸಿಂಹಾಸನ. ಇಳಿಸಲು ಹೊತ್ತಿರಲಿಲ್ಲ. ಸಿಂಹಾಸನ ಹೊತ್ತ ಗಾಡಿ ಹೋಗುವಾಗ ದಾರಿಯುದ್ದಕ್ಕೂ ಜನ ನಿಂತು ನೋಡಿದರು.

ಅರಕೇರಾದ ಮನೆಯ ಮುಂದೆ ಗಾಡಿ ನಿಂತಾಗ ಮುದುಕಿ ಕಟ್ಟೆಯ ಮೇಲೆ ತೊಗರಿಬೇಳೆ ಕೇರುತ್ತಿದ್ದಳು. ಮಗನನ್ನು ಕಂಡು ಮೊರ ಕೆಳಗಿಟ್ಟಳು.

"ಯಪ್ಪಾ, ಬಂದೇನು! ಮುಂಜಾನಿ ಒಬ್ಬ ಕಳ್ಳ ಫೋನ್ ಮಾಡಿದ್ದ ನೋಡು. ಹುಬೇಹೂಬ ನಿನ್ನ ದನಿ."

"ಅದು ನಾನ ಬೇ."

ಅವಳಿಗೆ ಒಂದು ಕ್ಷಣ ಬೇಕಾಯಿತು. "ಅಂದ್ರ ಕರ್ಚಿಕಾಯಿ ತಿನ್ನಲಿಲ್ಲ?"

ಅವನು ತಲೆ ತಗ್ಗಿಸಿ, ಹಮಾಲರು ಹಸಿದಿದ್ದರು, ಅವರಿಗೆ ಕೊಟ್ಟೆ ಎಂದ. ಅವಳು ಬೈಯುತ್ತಾಳೆಂದು ನಾನು ಕಾದೆ. "ಅವರು ತಿಂದು ಚೊಲೋ ಅದಾವ ಅಂದ್ರಿಲ್ಲೋ?" ಎಂದಷ್ಟೇ ಕೇಳಿದಳು.

ಅವನ ಮೊಬೈಲಿನ ಇಂಟರ್ನೆಟ್ಟಿಗೆ ಲ್ಯಾಪ್‌ಟಾಪ್ ಜೋಡಿಸಿ ಮತ್ತೆ ಖಾತೆಯ ಬಾಗಿಲಿಗೆ ಬಂದೆವು. ಗೋಡೆಯ ಮಾಡಾದಿಂದ ಇಳಿಸಿ ಚಾಲೂ ಮಾಡಿದ ಫೋನು ಕುಂಯ್ ಎಂದಿತು. ಮಗ ಕೈ ಚಾಚಿದ. ಅವಳು ಫೋನನ್ನು ಎದೆಗೆ ಒತ್ತಿ ಹಿಡಿದಳು.

"ಯಾರಿಗೂ ಅಂದ್ರ ಯಾರಿಗೂ ಹೇಳಬಾರದು. ಮಗ ಎದುರಿಗಿ ನಿಂತು ಕೇಳಿದ್ರೂ ಹೇಳಬ್ಯಾಡ್ರಿ ಅಂದಾಳ. ಹತ್ತು ಮಂದಿ ಮುಂದ ಆಣಿ ಮಾಡೀನಿ."

ಮಗ ಬೇಡಿದ, ರೇಗಿದ, ಮತ್ತೆ ಬೇಡಿದ. ಅವಳು ಜಗ್ಗಲಿಲ್ಲ. ಹತ್ತು ನಿಮಿಷದಲ್ಲಿ ನಾಲ್ಕು ಹೋಗಿದ್ದವು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಒಂದು ವಾರದಿಂದ ಈ ಕೆಲಸದಲ್ಲಿ ನಿಯಮ ಪಾಲಿಸಿದ ಮೊದಲ ವ್ಯಕ್ತಿ ಅವಳೇ.

"ಯವ್ವಾ, ನೀವು ಯಾರಿಗೂ ಹೇಳಬ್ಯಾಡ್ರಿ," ಎಂದೆ. "ನೀವ ಒತ್ರಿ. ನಾವಿಬ್ಬರೂ ಆ ಕಡಿ ಮಾರಿ ಮಾಡಿ ನಿಂದ್ರತೀವಿ."

ಅವಳು ಯೋಚಿಸಿದಳು. ಆಣೆಯಲ್ಲಿ ಒತ್ತಬಾರದು ಎಂದಿರಲಿಲ್ಲ. ಲ್ಯಾಪ್‌ಟಾಪನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಅಂಕಿಗಳಿರುವ ಸಾಲನ್ನು ತೋರಿಸಿ, ನಾವಿಬ್ಬರೂ ಗೋಡೆಯ ಕಡೆ ತಿರುಗಿ ನಿಂತೆವು.

ಸ್ವಲ್ಪ ಹೊತ್ತಿನ ಮೇಲೆ ದನಿ ಬಂತು. "ತಂಗೀ, ಮದಲ ಸೊನ್ನಿ ಅದ. ಮುಂದಿನ ಸೊನ್ನಿಗೆ ಕಿಮ್ಮತ್ತಿಲ್ಲಲ್ಲ, ಬಿಡ್ಲೇನು?"

"ಬಿಡಬ್ಯಾಡ್ರಿ, ಒತ್ರಿ!"

ಟಕ್ ಎಂದಿತು. ಮತ್ತೆ, "ಅಯ್ಯ, ಒಂದು ಅಂಕಿ ಬಾಯಿ ಬಿಟ್ಟೆನಲ್ಲ. ಇದು ಕೆಟ್ಟಿತು. ಇನ್ನೊಂದು ತರಸ್ರಿ."

ತರಿಸಿದೆವು. ಬೇರೆ ಉಪಾಯವಿರಲಿಲ್ಲ. ಈ ಸಲ ಅವಳು ತುಟಿ ಬಿಗಿ ಹಿಡಿದು, ಸೆರಗನ್ನು ಕೀಲಿಗಳ ಮೇಲೆ ಮರೆ ಮಾಡಿ, ತೋರುಬೆರಳಿನಿಂದ ಒತ್ತಿದಳು. ನಾನು ಗೋಡೆ ನೋಡುತ್ತ ಎಣಿಸಿದೆ. ಟಕ್. ಟಕ್. ಐದನೆಯದಕ್ಕೂ ಆರನೆಯದಕ್ಕೂ ನಡುವೆ ಒಂದು ಬಸ್ಸು ಊರು ಬಿಟ್ಟು ಹೋಗುವಷ್ಟು ಹೊತ್ತು. ಟಕ್.

"ಹಸಿರಾತು," ಎಂದಳು.

ಖಾತೆ ತೆರೆದಿತ್ತು. ಸಹಿಯ ಗುರುತಿನ ಸಾಲು ಹುಡುಕಿದೆ, ತೆಗೆದುಹಾಕು ಎಂದೆ. ಖಂಡಿತವೇ ಎಂದು ಕೇಳಿತು. ಇಷ್ಟು ಖಂಡಿತವಾಗಿ ನಾನು ಯಾವುದನ್ನೂ ಒತ್ತಿಲ್ಲ. ಅದೇ ಬಾಗಿಲಿನಲ್ಲಿ ಓಟಿಪಿ ಹೋಗುವ ನಂಬರನ್ನೂ ಸಂಸ್ಥೆಯ ನಂಬರಿಗೆ ಬದಲಿಸಿದೆ. ಆಗ ಒಂದೂಕಾಲು.

ಗುರುತು ತೆಗೆದ ಕೂಡಲೇ ಎಲ್ಲವೂ ಸರಿಯಾಗುವುದಿಲ್ಲ. ಒಮ್ಮೆ ಕೇಳಿ ತಿಳಿದದ್ದನ್ನು ಡಿಎನ್‌ಎಸ್‌ಗಳು ಒಂದಷ್ಟು ಹೊತ್ತು ನೆನಪಿಟ್ಟುಕೊಂಡಿರುತ್ತವೆ, ಆ ನೆನಪು ಹಳತಾಗುವವರೆಗೆ ಕಾಯಬೇಕು. ಒಂದು ತಾಸು ಎಂದು ನನ್ನ ಲೆಕ್ಕ. ಮಗ ಪೆಂಡಾಲಿನ ಚಿಂತೆಯಲ್ಲಿ ಗಾಡಿ ತಿರುಗಿಸಿದ. ಅವಳು ಅವನ ಕೈಗೆ ಒಂದು ಗಂಟು ಕೊಟ್ಟಳು. ಅವನು ಗಾಡಿ ಹತ್ತುವ ಮೊದಲೇ, ಅವಳ ಮುಂದೆಯೇ, ಅದನ್ನು ಬಿಚ್ಚಿ ನೋಡಿದ.

ನನಗೆ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ನಾನು ಒಂದು ಕೈಯಲ್ಲಿ ಉಣ್ಣುತ್ತ ಇನ್ನೊಂದರಲ್ಲಿ ಸಾರ್ವಜನಿಕ ಡಿಎನ್‌ಎಸ್‌ಗೆ ಅದೇ ಪ್ರಶ್ನೆ ಕೇಳುತ್ತಿದ್ದೆ. ಉತ್ತರ ಕೊಡಲಾಗದು. ಉತ್ತರ ಕೊಡಲಾಗದು. ಎರಡು ಗಂಟೆ ದಾಟಿತು. ಎರಡೂಕಾಲೂ ದಾಟಿತು. "ತಾಟು ನೋಡಿ ಉಣ್ಣವಾ," ಎಂದು ಅವಳು ಗದರಿದಳು. ನಾನು ಕೈ ತೊಳೆದು ಬಂದು ಕೇಳಿದಾಗ, ಎರಡೂ ಇಪ್ಪತ್ತೆರಡಕ್ಕೆ, ಅಂಕಿಗಳು ಬಂದವು.

ನಂಬಿಕೆ ಬರಲಿಲ್ಲ. ದೇವದುರ್ಗದ ಅಕ್ಕನಿಗೆ ಫೋನು ಮಾಡಿ, ನಿನ್ನೆ ನಾನು ಬದಲಿಸಿದ ಸೆಟ್ಟಿಂಗನ್ನು ಮೊದಲಿನಂತೆ ಮಾಡಿ ನೋಡಿ ಎಂದೆ.

"ಚೊಲೋ ಓಡಾಕತ್ತದ, ನಾ ಮುಟ್ಟಂಗಿಲ್ಲ."

"ಒಂದ ಸಲ ನೋಡ್ರಿ ಅಕ್ಕಾರ. ನಿಮ್ಮ ಕಂಪ್ಯೂಟರ್‌ನಾಗ ಯಾವ ವೈರಸ್ಸೂ ಇರಲಿಲ್ರಿ. ತಪ್ಪು ನಂದು."

ಆ ಕಡೆ ಸ್ವಲ್ಪ ಹೊತ್ತು ಬರೀ ಕೀಲಿಗಳ ಸದ್ದು. "ಬಂತು," ಎಂದರು. ಆಮೇಲೆ, ಪಕ್ಕದಲ್ಲಿದ್ದವರಿಗೆ ಕೇಳುವಂತೆ, "ಇನ್ನೊಮ್ಮೆ ಹೇಳ್ರಿ, ಸ್ಪೀಕರ್ ಹಚ್ಚೀನಿ." ಇನ್ನೊಮ್ಮೆ ಹೇಳಿದೆ.

ಮಾನ್ವಿಯ ಅಂಗಡಿಗಳಿಂದ, ಹೆಡ್‌ಮಾಸ್ಟರಿಂದ ಒಂದೊಂದಾಗಿ ಸುದ್ದಿ ಬಂತು. ಬಾಗಲವಾಡದ ಹುಡುಗಿಯ ಹಾಲ್ ಟಿಕೆಟ್ ಹೊರಬಿದ್ದದ್ದು ನಾಲ್ಕೂ ಐವತ್ತಕ್ಕೆ. ಅವಳ ಊರಲ್ಲಿ ಕರೆಂಟ್ ಇರಲಿಲ್ಲವಂತೆ, ಅದಕ್ಕೆ ನಾನು ಹೊಣೆಯಲ್ಲ. ಐದಕ್ಕೆ ಕಾರ್ಯದರ್ಶಿಯವರು ಬಂದ್ ಮಾಡಿಸಿದರು.

ಶನಿವಾರ ಅವರ ಕಚೇರಿಗೆ ಹೋಗಿ ವರದಿ ಕೊಟ್ಟೆ. ಆಡಳಿತ ಮಂಡಳಿಗೆ ಬೇಕು, ಒಂದು ಪುಟ ಸಾಕು ಎಂದಿದ್ದರು. ಅವರು ಕನ್ನಡಕ ಏರಿಸಿ, ಕೆಂಪು ಪೆನ್ನು ಹಿಡಿದು ಮೊದಲ ವಾಕ್ಯ ಗಟ್ಟಿಯಾಗಿ ಓದಿದರು.

"'ತಾಂತ್ರಿಕ ಕಾರಣದಿಂದ ಸಾರ್ವಜನಿಕ ಡಿಎನ್‌ಎಸ್ ಮೂಲಕ ವೆಬ್‌ಸೈಟ್ ತೆರೆಯಲ್ಪಡಲಿಲ್ಲ.' ಇದ್ರಾಗ ಕರ್ತೃಪದ ಎಲ್ಲದವಾ?"

"ವೆಬ್‌ಸೈಟ್ ಅಲ್ಲೇನ್ರಿ ಮೇಡಂ?"

"ಅದೇನು ಮಾಡ್ಯಾದ ಪಾಪ? ಕ್ರಿಯಾ ಮಾಡಿದವರು ಯಾರು?"

ಅವರು ಹಾಳೆಯನ್ನೂ ಪೆನ್ನನ್ನೂ ನನ್ನ ಮುಂದೆ ಸರಿಸಿದರು. ಆ ವಾಕ್ಯ ಹೊಡೆದು ಹಾಕಿ ಕೆಳಗೆ ಬರೆದೆ: 'ಹಳೆಯ ಸಹಿಯ ಗುರುತನ್ನು ತೆಗೆಸದೆ ನಾನು ವೆಬ್‌ಸೈಟನ್ನು ಸಾಗಿಸಿದೆ. ನನ್ನ ಕಂಪ್ಯೂಟರಿನಲ್ಲಿ ಮಾತ್ರ ನೋಡಿ ಎಲ್ಲ ಸರಿಯಿದೆಯೆಂದು ಹೇಳಿದೆ.'

ಅವರು ಎರಡು ಸಲ ಓದಿದರು. ತಪ್ಪು ಹುಡುಕಿದರು, ಸಿಗಲಿಲ್ಲ. ಬದಿಯಲ್ಲಿ ಒಂದು ಸರಿ ಗುರುತು ಹಾಕಿ, ಹಾಳೆಯನ್ನು ಫೈಲಿನೊಳಗಿಟ್ಟರು.